ಮಾಳಿಗೆ ಮೇಲಿನ ಹೊಳೆ

ಸೂರತ್ ಅಂದರೆ ನಮ್ಮ ಕಡೆಯವರಿಗೆ ಸೀರೆ, ತಪ್ಪಿದರೆ ವಜ್ರ. ಅದೇ ಸೂರತ್ತಿನಿಂದ ತಾಪಿ ನದಿಯ ಜೊತೆಗೇ ಸಮುದ್ರದ ದಿಕ್ಕಿಗೆ ಹೊರಟರೆ ಸಿಗುವ ಹಜೀರಾದಲ್ಲಿ ಇವೆರಡೂ ಇಲ್ಲ. ಇಲ್ಲಿರುವುದು ಉಕ್ಕು, ಅನಿಲ, ಗೊಬ್ಬರ, ಬಂದರು. ಕ್ರಿಬ್ಕೊ ಯೂರಿಯಾ ಕಾರ್ಖಾನೆ, ಒಎನ್‌ಜಿಸಿಯ ಅನಿಲ ಘಟಕ, ಎಲ್ ಆ್ಯಂಡ್ ಟಿಯ ಭಾರೀ ಎಂಜಿನಿಯರಿಂಗ್, ಮೊದಲು ಎಸ್ಸಾರ್ ಆಗಿದ್ದು 2019ರ ಕೊನೆಗೆ ಆರ್ಸೆಲರ್ ಮಿತ್ತಲ್ ನಿಪ್ಪನ್ ಆದ ಉಕ್ಕಿನ ಕಾರ್ಖಾನೆ, ಎಲ್ಲವೂ ಒಂದೇ ಸಾಲಿನಲ್ಲಿ. ಘೋಘಾಕ್ಕೆ ವಾಹನ ಸಾಗಿಸುವ ಹಡಗು 2020ರ ನವೆಂಬರ್‌ನಲ್ಲಿ ಶುರುವಾದ ಮೇಲೆ ಸೌರಾಷ್ಟ್ರದವರೂ ಈ ಕಡೆ ಬರುತ್ತಾರೆ. ಆದರೆ ಪ್ರವಾಸಕ್ಕೆಂದೇ ಹಜೀರಾಕ್ಕೆ ಬಂದವರನ್ನು ನಾನು ಕಂಡಿಲ್ಲ.

ಹಾಗಿದ್ದೂ ಹಜೀರಾ ರಸ್ತೆಯಲ್ಲಿ ಒಳ್ಳೊಳ್ಳೆಯ ಹೋಟೆಲುಗಳಿವೆ. ನನ್ನಂಥವರಿಗಾಗಿ. ಒತ್ತಡದ ಪಾತ್ರೆಗಳನ್ನು, ಅಂದರೆ ಸಂಸ್ಕರಣಾಗಾರಗಳ ದೈತ್ಯ ರಿಯಾಕ್ಟರ್‌ಗಳನ್ನು, ತಪಾಸಣೆ ಮಾಡುವುದು ನನ್ನ ಉದ್ಯೋಗ. ವರ್ಷದಲ್ಲಿ ಮೂರು ನಾಲ್ಕು ಸಲ ಬರುತ್ತೇನೆ, ಪ್ರತಿ ಸಲ ಐದಾರು ವಾರ. ಇಲ್ಲಿ ಇಳಿದುಕೊಳ್ಳುವವರಲ್ಲಿ ಹೆಚ್ಚಿನವರು ಹೀಗೆಯೇ. ಬೆಳಿಗ್ಗೆ ಏಳಕ್ಕೆ ಸುರಕ್ಷತಾ ಬೂಟು ಹಾಕಿಕೊಂಡು ಹೊರಟು, ರಾತ್ರಿ ಒಂಬತ್ತಕ್ಕೆ ಬಂದು ಉಂಡು ಮಲಗುವವರು. ಹಾಗಾಗಿ ಮೇಲ್ಮಹಡಿಯ ತೆರೆದ ಈಜುಕೊಳ, ಹೋಟೆಲಿನ ಜಾಹೀರಾತಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಆ ನೀಲಿ ಚೌಕ, ವಾರವಿಡೀ ಖಾಲಿ. ಭಾನುವಾರ ನಾಲ್ಕು ಮಂದಿ ಕಾಲು ಇಳಿಬಿಟ್ಟು ಫೋನಿನಲ್ಲಿ ಊರಿನವರ ಜೊತೆ ಮಾತಾಡುತ್ತಾರೆ. ಗುಜರಾತಿನಲ್ಲಿ ಪಾನನಿಷೇಧ ಇರುವುದರಿಂದ ಸಿನಿಮಾದಲ್ಲಿ ತೋರಿಸುವ ಕೊಳದಂಚಿನ ಬಾರೂ ಇಲ್ಲ. ನಿಂಬೆ ಸೋಡಾ, ಛಾಸ್, ಹೆಚ್ಚೆಂದರೆ ಖಮಣ.

ನನಗೆ ಈಜು ಬಾರದು. ಕೊಳವನ್ನು ನಾನು ನೋಡುವುದು ಕಸುಬಿನ ಕಣ್ಣಿನಿಂದ. ಒಂದು ಘನ ಮೀಟರ್ ನೀರೆಂದರೆ ಒಂದು ಟನ್. ಹನ್ನೆರಡು ಮೀಟರ್ ಉದ್ದ, ಐದು ಮೀಟರ್ ಅಗಲ, ಒಂದೂಕಾಲು ಮೀಟರ್ ಆಳ ಎಂದಿಟ್ಟುಕೊಂಡರೂ 75 ಟನ್ ಆಯಿತು. ಹೆಚ್ಚುಕಡಿಮೆ ಹದಿನೆಂಟು ಆನೆಗಳನ್ನು ಮಾಳಿಗೆಯ ಮೇಲೆ ನಿಲ್ಲಿಸಿದ ಹಾಗೆ. ಆನೆಗಳಾದರೆ ಸುಮ್ಮನೆ ನಿಂತಾವು, ನೀರು ಸಣ್ಣ ಬಿರುಕಿಗೂ ಕಾಯುತ್ತಿರುತ್ತದೆ. ಅಂಚಿನಿಂದ ತುಳುಕಿದ ನೀರು ಸಮತೋಲನ ತೊಟ್ಟಿಗೆ ಇಳಿದು, ಸೋಸಿ, ಔಷಧಿ ಬೆರೆತು ಮತ್ತೆ ಕೊಳಕ್ಕೆ ಬರುತ್ತದೆ. ಸಿಂಗಪುರದ ಮರೀನಾ ಬೇ ಸ್ಯಾಂಡ್ಸ್ ಹೋಟೆಲಿನ 57ನೇ ಮಹಡಿಯ ಕೊಳ ಮೂರು ಗೋಪುರಗಳ ತಲೆಯ ಮೇಲೆ ಮಲಗಿದೆ. ಗೋಪುರಗಳು ಗಾಳಿಗೆ ಬೇರೆ ಬೇರೆಯಾಗಿ ಓಲಾಡುವುದರಿಂದ ಕೊಳದ ಕೆಳಗೆ ಸರಿದಾಡುವ ಕೀಲುಗಳನ್ನು ಇಟ್ಟಿದ್ದಾರಂತೆ. ಇಂಥದ್ದೆಲ್ಲ ಯೋಚಿಸುತ್ತ ಕೂರುವ ನನಗೆ ಅದು ಬರೀ ಮುಚ್ಚಳವಿಲ್ಲದ ಟ್ಯಾಂಕು.

ಕಳೆದ ಡಿಸೆಂಬರಿನಲ್ಲಿ ರಜೆ ಸಿಗಲಿಲ್ಲ. ನೀವೇ ಬನ್ನಿ ಎಂದೆ. ಅವ್ವ, ಹೆಂಡತಿ, ಒಂಬತ್ತು ವರ್ಷದ ಮಗಳು ಹುಬ್ಬಳ್ಳಿಯಲ್ಲಿ ಅಜ್ಮೇರ್ ರೈಲು ಹತ್ತಿ ಬಂದರು. ಅವ್ವನ ತವರು ಹಳೇ ಬಾಗಲಕೋಟೆ, ಘಟಪ್ರಭೆಯ ದಂಡೆ. ಅಲ್ಲಿ ಈಜು ಕಲಿಯುವುದೆಂದರೆ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ನೂಕುವುದು, ಅಷ್ಟೇ ಪಾಠ. ಮದುವೆಯಾದ ಮೇಲೆ ಅವಳು ಹೊಳೆಗೆ ಇಳಿಯಲಿಲ್ಲ. ಆಲಮಟ್ಟಿ ಹಿನ್ನೀರು ಬಂದ ಮೇಲೆ ಅವಳು ಈಜಿದ ದಂಡೆಯೇ ಉಳಿಯಲಿಲ್ಲ. ತವರಿನವರಿಗೆ ನವನಗರದಲ್ಲಿ ಸೈಟು ಸಿಕ್ಕಿತು. ಅಲ್ಲಿ ನೀರು ಬರುವುದು ನಲ್ಲಿಯಲ್ಲಿ.

ಮೊದಲ ದಿನ ಅವಳನ್ನು ಲಿಫ್ಟಿನಲ್ಲಿ ಮೇಲೆ ಕರೆದೊಯ್ದೆ. ಒಂದು ಕಡೆ ಹೊಗೆಕೊಳವೆಗಳು, ಅನಿಲ ಉರಿಯುವ ಜ್ವಾಲೆ, ಇನ್ನೊಂದು ಕಡೆ ಬಿಸಿಲಿಗೆ ಬೆಳ್ಳಗೆ ಮಿಂಚುವ ತಾಪಿಯ ಅಳಿವೆ. ಅವ್ವ ಅದೊಂದನ್ನೂ ನೋಡಲಿಲ್ಲ. ಬಗ್ಗಿ ನೀರು ಮುಟ್ಟಿದಳು. ‘ಎಷ್ಟ್ ಆಳ ಐತಿ?’ ಅಂದಳು. ನಾಲ್ಕಡಿ ಎಂದೆ. ‘ಇದರಾಗ ಮುಳುಗತೇನಂದ್ರೂ ಆಗಂಗಿಲ್ಲ’ ಎಂದು ಸೆರಗು ಸಿಕ್ಕಿಸಿ ಮೆಟ್ಟಿಲಿಗೆ ಕಾಲಿಟ್ಟೇಬಿಟ್ಟಳು.

ಜೀವರಕ್ಷಕ ಹುಡುಗ ಓಡಿಬಂದ. ಒಡಿಶಾದ ಗಂಜಾಂ ಕಡೆಯವನು. ಸೂರತ್ತಿನ ಮಗ್ಗಗಳಲ್ಲಿ ದುಡಿಯುವವರಲ್ಲಿ ಆ ಜಿಲ್ಲೆಯವರು ಬಹಳ. ಗೋಡೆಯ ಫಲಕ ತೋರಿಸಿದ: ಹತ್ತಿಯ ಬಟ್ಟೆಗೆ ಅವಕಾಶವಿಲ್ಲ, ನೈಲಾನ್ ಉಡುಗೆ ಮಾತ್ರ. ಹತ್ತಿಯ ಎಳೆ ಬಿಚ್ಚಿಕೊಂಡು ಸೋಸುಕಕ್ಕೆ ಸುತ್ತಿಕೊಳ್ಳುತ್ತದೆ, ಅದಕ್ಕೇ ಈ ನಿಯಮ. ನಾನು ಅವ್ವನಿಗೆ ಅರ್ಥ ಹೇಳಿದೆ. ಅವಳು ತನ್ನ ಸೀರೆಯ ನೆರಿಗೆ ಹಿಡಿದೆತ್ತಿ, ‘ಇದು ಸೂರತ್ ಸೀರಿ. ಇದರಾಗ ಹತ್ತಿ ಎಲ್ಲೈತಿ, ತೋರಸಂತ ಹೇಳು’ ಅಂದಳು.

ನಾನು ಅನುವಾದಿಸಿದೆ. ಹುಡುಗ ಸೀರೆ ನೋಡಿದ, ಫಲಕ ನೋಡಿದ. ನಿಯಮದ ಅಕ್ಷರದ ಪ್ರಕಾರ ಗೆದ್ದವಳು ಅವ್ವನೇ. ಆದರೆ ಅವನ ಆತಂಕವೂ ಸುಳ್ಳಲ್ಲ. ಆರು ಗಜದ ಬಟ್ಟೆ ನೀರಿನಲ್ಲಿ ಕಾಲಿಗೆ ಸುತ್ತಿಕೊಂಡರೆ ನಾಲ್ಕಡಿಯೂ ಸಾಕು. ‘ಆಂಟೀಜಿ, ನನ್ನ ಕೆಲಸ ಹೋಗುತ್ತದೆ’ ಎಂದ. ಆ ಮಾತಿಗೆ ಅವ್ವ ತಕ್ಷಣ ಮೇಲೆ ಬಂದಳು.

ಸಂಜೆ ಅಡಾಜಣಕ್ಕೆ ಹೋದೆವು. ಚಳಿಗಾಲದಲ್ಲಿ ಅಲ್ಲಿ ಪೋಂಕ್ ಮಾರುತ್ತಾರೆ, ಎಳೆಯ ಜೋಳದ ಕಾಳನ್ನು ಸುಟ್ಟು ಬಡಿದು. ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡ ಅವ್ವ ‘ಸೀತನಿ!’ ಎಂದು ಅಂಗಡಿಯವನಿಗೇ ಕನ್ನಡದಲ್ಲಿ ವಿವರಿಸತೊಡಗಿದಳು. ಈ ಮಧ್ಯೆ ನನ್ನ ಹೆಂಡತಿ ಎದುರಿನ ಅಂಗಡಿಯಿಂದ ಮೊಣಕೈ, ಪಾದಗಂಟಿನವರೆಗೆ ಮುಚ್ಚುವ ಈಜುಡುಗೆ ತಂದಳು. ಬೆಲೆ ಕೇಳಿ ಅವ್ವ, ‘ಇಷ್ಟಕ್ಕ ಎರಡು ಸೀರಿ ಬರತಾವು’ ಅಂದಳು. ವಾಪಸ್ ಕೊಡು ಅನ್ನಲಿಲ್ಲ.

ಮರುದಿನ ಬಿಸಿಲೇರಿದ ಮೇಲೆ ಅವಳು ನೀರಿಗೆ ಇಳಿದದ್ದನ್ನು ಹೇಗೆ ಬರೆಯಲಿ? ಅರವತ್ತೆಂಟರ ಹೆಂಗಸು, ಮಂಡಿನೋವಿಗೆ ಮಾತ್ರೆ ನುಂಗುವವಳು. ನಲವತ್ತಾರು ವರ್ಷ ಹೊಳೆ ಮುಟ್ಟದವಳು. ನನಗೆ ಎದೆ ಹೊಡೆದುಕೊಳ್ಳುತ್ತಿತ್ತು, ಏನಾದರೂ ಆದರೆ ಧುಮುಕಲು ನನಗೆ ಬರುವುದಿಲ್ಲವಲ್ಲ. ಅವಳು ಮೊದಲು ತಲೆಯ ಮೇಲೆ ಮೂರು ಬೊಗಸೆ ನೀರು ಹಾಕಿಕೊಂಡಳು. ಆಮೇಲೆ ಗೋಡೆಗೆ ಕಾಲು ಒದ್ದು, ಸದ್ದೇ ಇಲ್ಲದೆ ಆಚೆ ದಡ ಸೇರಿದಳು. ತಲೆ ನೀರಿನ ಮೇಲೆ, ಕೈಗಳು ಒಳಗೆ, ಒಂದು ಹನಿಯೂ ಸಿಡಿಯಲಿಲ್ಲ. ಹುಟ್ಟಿದಾಗಿನಿಂದ ನೋಡಿದ ನನ್ನ ಅವ್ವನ ಈ ನಡೆಯನ್ನು ನಾನು ನೋಡಿರಲೇ ಇಲ್ಲ. ತಿರುಗಿ ಬರುವಾಗ ನಡುವೆ ಅಂಗಾತ ಮಲಗಿ, ಕಣ್ಣು ಮುಚ್ಚಿ ತೇಲಿದಳು. ಹುಡುಗ ಶಿಳ್ಳೆಯನ್ನು ಬಾಯಿಂದ ತೆಗೆದು ಜೇಬಿಗೆ ಹಾಕಿಕೊಂಡ.

ನೀರಿಗೆ ಹೆದರಿ ಅಂಚು ಹಿಡಿದು ನಿಂತಿದ್ದ ಮಗಳನ್ನು ಆಮೇಲೆ ಅವಳೇ ಕರೆದಳು. ಸೋರೆಬುರುಡೆ ಇರಲಿಲ್ಲ, ಹೊಟ್ಟೆಯ ಕೆಳಗೆ ಅಜ್ಜಿಯ ಅಂಗೈ ಇತ್ತು. ‘ಕಾಲ್ ಬಡಿಬೇ, ಜೋರ್ ಬಡಿ, ನೀರ್ ಏನ್ ನಿನ್ ತಿನ್ನಂಗಿಲ್ಲ.’ ಅರ್ಧ ಗಂಟೆ ಕಳೆದ ಮೇಲೆ ಅಂಗೈ ಯಾವಾಗಲೋ ಸರಿದಿತ್ತು. ಮಗುವಿಗೆ ಗೊತ್ತಾಗಲಿಲ್ಲ.

ಮೇಲೆ ಬಂದು ಟವೆಲ್ ಹೊದ್ದು ಕೂತಾಗ, ‘ಇದು ಯಾ ಹೊಳಿ ನೀರು?’ ಎಂದು ಕೇಳಿದಳು. ತಾಪಿಯದೇ ಇರಬೇಕು ಎಂದೆ. ಮೇಲೆ ಉಕಾಯ್ ಅಣೆಕಟ್ಟು ಇದೆ, 2006ರ ಆಗಸ್ಟಿನಲ್ಲಿ ಅಲ್ಲಿಂದ ಬಿಟ್ಟ ನೀರು ಸೂರತ್ತನ್ನೇ ಮುಳುಗಿಸಿತ್ತು ಎಂದೂ ಹೇಳಿದೆ.

‘ಆ ಅಣೆಕಟ್ಟಿನಾಗೂ ಊರು ಮುಳುಗ್ಯಾವೇನು?’

ಬಹಳ ಮುಳುಗಿವೆ ಎಂದೆ. ಅವ್ವ ಸ್ವಲ್ಪ ಹೊತ್ತು ಅಳಿವೆಯ ಕಡೆ ನೋಡಿದಳು. ಆಮೇಲೆ ಮೂಗಿನ ಹತ್ತಿರ ಕೈ ಹಿಡಿದು ಮೂಸಿ, ‘ಔಷಧಿ ವಾಸನಿ ಹೊಡೀತೈತಿ, ಬಿಸಿನೀರು ಹಾಕ್ಕೋಬೇಕು’ ಎಂದು ಎದ್ದಳು. ಲಿಫ್ಟಿನ ಬಾಗಿಲಲ್ಲಿ ನಿಂತು, ನಾಳೆ ಎಷ್ಟು ಗಂಟೆಗೆ ತೆಗೆಯುತ್ತಾರೆ ಎಂದು ಆ ಹುಡುಗನನ್ನು ಕೇಳು ಅಂದಳು.