ನೀರಾವರಿ ವೇಳಾಪಟ್ಟಿಯ ಸಾಧನ: ಎಐ ಏಜೆಂಟಿಗೆ ವಿವರಣಾ ಪತ್ರ ಹೇಗಿರಬೇಕು?

ಬೆಳೆಗೆ ನೀರು ಯಾವಾಗ, ಎಷ್ಟು ಕೊಡಬೇಕೆಂಬುದನ್ನು ರೈತರು ಮಣ್ಣನ್ನು ಹಿಡಿದು ನೋಡಿ, ಎಲೆ ಬಾಡುವುದನ್ನು ಗಮನಿಸಿ ನಿರ್ಧರಿಸುತ್ತಾರೆ. ಹವಾಮಾನದ ಅಂಕಿಗಳಿಂದ ಇದನ್ನು ಲೆಕ್ಕ ಹಾಕುವ ಕ್ರಮವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 1998ರಲ್ಲಿ ಪ್ರಕಟವಾದ ತನ್ನ 56ನೆಯ ನೀರಾವರಿ ಪ್ರಬಂಧದಲ್ಲಿ ವಿವರಿಸಿದೆ. ಅದೇ ಸಂಸ್ಥೆಯ 'ಕ್ರಾಪ್‌ವ್ಯಾಟ್' ಎಂಬ ಕಂಪ್ಯೂಟರ್ ಕಾರ್ಯಕ್ರಮವೂ ಬೆಳೆಯ ನೀರಿನ ಅವಶ್ಯಕತೆಯನ್ನು ಲೆಕ್ಕ ಮಾಡಿ ವೇಳಾಪಟ್ಟಿ ಕೊಡುತ್ತದೆ. ಇಂಥ ಸಾಧನಗಳನ್ನು ಈಗ ಮನುಷ್ಯರಷ್ಟೇ ಅಲ್ಲದೆ ಎಐ ಏಜೆಂಟುಗಳೂ ಬಳಸಬಲ್ಲವು.

ಎಐ ಏಜೆಂಟ್ ಎಂದರೇನು?

ರೈತರು ಆಡುಮಾತಿನಲ್ಲಿ ಕೇಳಿದ ಪ್ರಶ್ನೆಯನ್ನು ಗ್ರಹಿಸಿ, ಯಾವ ಸಾಧನ ಬಳಸಬೇಕೆಂದು ತಾನೇ ಆರಿಸಿ, ಬಂದ ಅಂಕಿಗಳಿಂದ ಉತ್ತರ ಸಿದ್ಧಪಡಿಸುವ ಕಾರ್ಯಕ್ರಮವೇ ಎಐ ಏಜೆಂಟ್. ಏಜೆಂಟಿಗೂ ಸಾಧನಕ್ಕೂ ಸಂಪರ್ಕ ಕಲ್ಪಿಸಲು ಆಂತ್ರೋಪಿಕ್ ಸಂಸ್ಥೆಯು 2024ರ ನವೆಂಬರ್‌ನಲ್ಲಿ 'ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್' ಎಂಬ ಮುಕ್ತ ಕ್ರಮವನ್ನು ಪ್ರಕಟಿಸಿತು. ಇದರಲ್ಲಿ ಪ್ರತಿಯೊಂದು ಸಾಧನವೂ ತನ್ನ ಹೆಸರು, ಕೆಲಸದ ವಿವರಣೆ ಮತ್ತು ತನಗೆ ಕೊಡಬೇಕಾದ ಅಂಕಿಗಳ ಸ್ವರೂಪವನ್ನು ತಿಳಿಸುತ್ತದೆ. ಏಜೆಂಟ್ ಹೊಲವನ್ನು ಕಂಡಿಲ್ಲ. ಸಾಧನದ ಬಗ್ಗೆ ಅದಕ್ಕೆ ತಿಳಿಯುವುದು ಈ ವಿವರಣೆಯಿಂದ ಮಾತ್ರ. ಆದ್ದರಿಂದ ವಿವರಣೆಯಲ್ಲಿ ಈ ಕೆಳಗಿನ ಅಂಶಗಳು ಸ್ಪಷ್ಟವಾಗಿರಬೇಕು.

1. ಅಳತೆಯ ಮಾನ

ಮುಸುಕಿನ ಜೋಳ ಸೂಲಂಗಿ ಮತ್ತು ರೇಷ್ಮೆ ಹೊರಡಿಸುವ ಹಂತದಲ್ಲಿದೆ ಎಂದಿಟ್ಟುಕೊಳ್ಳೋಣ. ಆಧಾರ ಬಾಷ್ಪೀಕರಣ ದಿನಕ್ಕೆ 5 ಮಿ.ಮೀ., ಬೆಳೆ ಗುಣಾಂಕ 1.2 ಆದರೆ ಬೆಳೆಗೆ ದಿನಕ್ಕೆ 6 ಮಿ.ಮೀ., 5 ದಿನಕ್ಕೆ 30 ಮಿ.ಮೀ. ನೀರು ಬೇಕು. ಉಪಯುಕ್ತ ಮಳೆ 12 ಮಿ.ಮೀ. ಕಳೆದರೆ 18 ಮಿ.ಮೀ. ಉಳಿಯುತ್ತದೆ. ಹನಿ ನೀರಾವರಿಯ ದಕ್ಷತೆ ಶೇ. 90 ಎಂದು ಹಿಡಿದರೆ ಕೊಡಬೇಕಾದದ್ದು 20 ಮಿ.ಮೀ., ಅಂದರೆ ಎಕರೆಗೆ ಸುಮಾರು 81,000 ಲೀಟರ್. ಸಾಧನವು ಬರಿಯ '20' ಎಂದು ಕೊಟ್ಟು, ಏಜೆಂಟ್ ಅದನ್ನು ಸೆಂಟಿಮೀಟರ್ ಎಂದು ತಿಳಿದರೆ ಉತ್ತರ ಹತ್ತು ಪಟ್ಟಾಗುತ್ತದೆ. ಆದುದರಿಂದ ಪ್ರತಿ ಅಂಕಿಯ ಜೊತೆಗೆ ಮಾನವಿರಬೇಕು. ಕ್ಷೇತ್ರ ಗುಂಟೆಯಲ್ಲೋ, ಎಕರೆಯಲ್ಲೋ, ಹೆಕ್ಟೇರಿನಲ್ಲೋ ಎಂಬುದನ್ನೂ, ದಕ್ಷತೆಯನ್ನು ಲೆಕ್ಕಕ್ಕೆ ಸೇರಿಸಿದೆಯೇ ಇಲ್ಲವೇ ಎಂಬುದನ್ನೂ ಬರೆಯಬೇಕು.

2. ದಿನಾಂಕ ಮತ್ತು ವೇಳೆ

'03-04' ಎಂದರೆ ಏಪ್ರಿಲ್ 3 ಆಗಬಹುದು, ಮಾರ್ಚ್ 4 ಕೂಡ ಆಗಬಹುದು. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ '2025-04-03' ಎಂದು ಬರೆದರೆ ಗೊಂದಲವಿಲ್ಲ. ಭಾರತ ಹವಾಮಾನ ಇಲಾಖೆಯ ರೂಢಿಯಂತೆ ಒಂದು ದಿನದ ಮಳೆ ಎಂದರೆ ಹಿಂದಿನ ದಿನ ಬೆಳಿಗ್ಗೆ 8-30ರಿಂದ ಆ ದಿನ ಬೆಳಿಗ್ಗೆ 8-30ರವರೆಗೆ ಬಿದ್ದ ಮಳೆ. ಸೋಮವಾರ ಸಂಜೆಯ ಮಳೆ ಮಂಗಳವಾರದ ಲೆಕ್ಕಕ್ಕೆ ಸೇರುತ್ತದೆ. ಇದನ್ನು ತಿಳಿಸದಿದ್ದರೆ ಸೋಮವಾರ ಮಳೆಯೇ ಇರಲಿಲ್ಲವೆಂದು ಏಜೆಂಟ್ ಹೇಳಬಹುದು. ವೇಳೆಯು ಭಾರತೀಯ ಕಾಲಮಾನದ್ದೋ ಅಥವಾ ಅದಕ್ಕಿಂತ 5 ಗಂಟೆ 30 ನಿಮಿಷ ಹಿಂದಿರುವ ಅಂತರರಾಷ್ಟ್ರೀಯ ಕಾಲಮಾನದ್ದೋ ಎಂಬುದನ್ನೂ ನಮೂದಿಸಬೇಕು.

3. ಸೊನ್ನೆ ಬೇರೆ, ದಾಖಲೆ ಇಲ್ಲದಿರುವುದು ಬೇರೆ

ಮಳೆಮಾಪಕದಲ್ಲಿ ಕಸ ಕಟ್ಟಿಕೊಂಡು ಅಂಕಿ ಬಾರದ ದಿನವನ್ನು ಸೊನ್ನೆ ಎಂದು ಹಿಡಿದರೆ, ತೊಯ್ದ ಹೊಲಕ್ಕೆ ಮತ್ತೆ ನೀರು ಬಿಡುವ ಸಲಹೆ ಬರುತ್ತದೆ. ಕೆಲವು ದಾಖಲೆಗಳಲ್ಲಿ ಅಂಕಿ ಇಲ್ಲದ ಕಡೆ '-999' ಎಂದು ಹಾಕುವ ರೂಢಿ ಇದೆ. ಇದನ್ನು ಮಳೆ ಎಂದೇ ಕೂಡಿದರೆ ಲೆಕ್ಕವೆಲ್ಲ ಕೆಡುತ್ತದೆ. ಗುರುತಿನ ಅರ್ಥವೇನು, ಅಂಥ ದಿನ ಏನು ಮಾಡಬೇಕು ಎಂಬುದನ್ನು ಬರೆದಿಡಬೇಕು. ಅಂಥ ದಿನ ಏಜೆಂಟ್ ರೈತರನ್ನೇ ಕೇಳುವುದು ಉತ್ತಮ.

4. ಸಾಧನದ ಮಿತಿ

ಸಾಧನ ಯಾವ ಬೆಳೆ, ಯಾವ ಮಣ್ಣು, ಯಾವ ಹಂತಕ್ಕೆ ಸಿದ್ಧವಾಗಿದೆ ಎಂಬುದರ ಜೊತೆಗೆ, ಯಾವುದಕ್ಕೆ ಬಳಸಬಾರದು ಎಂಬುದೂ ಇರಬೇಕು. ಕಪ್ಪು ಮಣ್ಣು ಕೆಂಪು ಮರಳು ಮಿಶ್ರಿತ ಮಣ್ಣಿಗಿಂತ ಹೆಚ್ಚು ನೀರನ್ನು ಹಿಡಿದಿಡುತ್ತದೆ. ಒಂದರ ಅಂತರ ಇನ್ನೊಂದಕ್ಕೆ ಹೊಂದದು. ಪಟ್ಟಿಯಲ್ಲಿಲ್ಲದ ಬೆಳೆಯನ್ನು ಕೇಳಿದಾಗ ಸಾಧನವು 'ಈ ಬೆಳೆಯ ಗುಣಾಂಕ ಇಲ್ಲ' ಎಂದು ಸ್ಪಷ್ಟವಾಗಿ ತಿಳಿಸಬೇಕು. ಬರಿಯ ಖಾಲಿ ಉತ್ತರ ಬಂದರೆ ನೀರೇ ಬೇಡವೆಂಬ ತಪ್ಪು ತಿಳಿವಳಿಕೆಗೆ ಎಡೆಯಾಗುತ್ತದೆ.

5. ಓದುವುದು ಮತ್ತು ಮಾಡುವುದು

ವೇಳಾಪಟ್ಟಿಯನ್ನು ಓದಿ ಹೇಳುವುದು ಒಂದು ಕೆಲಸ, ಪಂಪ್‌ಸೆಟ್ ಚಾಲೂ ಮಾಡುವುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆ ಸಾಧನಗಳಾಗಿ ಇಟ್ಟು, ಎರಡನೆಯದಕ್ಕೆ ರೈತರ ಒಪ್ಪಿಗೆ ಕಡ್ಡಾಯವೆಂದು ಬರೆಯಬೇಕು. ಬರಹವೊಂದೇ ಸಾಲದು. ಒಪ್ಪಿಗೆಯಿಲ್ಲದೆ ಪಂಪು ಚಾಲೂ ಆಗದಂತೆ ಸಾಧನದಲ್ಲಿಯೇ ವ್ಯವಸ್ಥೆ ಇರಬೇಕು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಸಾಧನವನ್ನು ರೈತರಿಗೆ ಒಪ್ಪಿಸುವ ಮೊದಲು, ಉತ್ತರ ಗೊತ್ತಿರುವ ಹತ್ತಾರು ಪ್ರಶ್ನೆಗಳನ್ನು ಏಜೆಂಟಿಗೆ ಕೇಳಿ, ಕೈಲೆಕ್ಕದೊಂದಿಗೆ ಹೋಲಿಸಿ ನೋಡಬೇಕು. ತಪ್ಪು ಬಂದ ಕಡೆ ವಿವರಣೆಯ ಯಾವ ಸಾಲು ಅಸ್ಪಷ್ಟವಾಗಿದೆ ಎಂದು ಪತ್ತೆ ಮಾಡಿ ತಿದ್ದಬೇಕು. ಅಂಕಿಗಳ ಸ್ವರೂಪ ಬದಲಾದಾಗಲೆಲ್ಲ ವಿವರಣೆಯನ್ನೂ ಬದಲಿಸಿ ದಿನಾಂಕ ಹಾಕಬೇಕು. ರೈತರು ಸಹ ಸಲಹೆ ಬಂದ ದಿನ ಬೇರಿನ ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಬೇಕು. ಹಸಿ ಇರುವ ಹೊಲಕ್ಕೆ ಏಜೆಂಟ್ ನೀರು ಬಿಡಲು ಹೇಳಿದರೆ, ನೀರು ನಿಲ್ಲಿಸಿ ಕಾರ್ಯಕರ್ತರಿಗೆ ತಿಳಿಸುವುದು ಒಳ್ಳೆಯದು.