ಯಂತ್ರದ ಬಲ, ಪರವಾನಗಿಯ ಎಲ್ಲೆ

ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲೂಕಿನ ಭೈರುಂಬೆ ಅಡಕೆ ತೋಟಗಳ ಊರು. ಈ ಸೀಮೆಯಲ್ಲಿ ತೋಟಕ್ಕೆ ಹೊಂದಿಕೊಂಡು ಸೊಪ್ಪಿನ ಬೆಟ್ಟವಿರುತ್ತದೆ. ಬೆಟ್ಟದ ಒಡೆತನ ಸರಕಾರದ್ದು. ಗೊಬ್ಬರಕ್ಕಾಗಿ ಸೊಪ್ಪು ಕಡಿಯುವ, ದರಕು ಗುಡಿಸುವ ಹಕ್ಕು ಮಾತ್ರ ತೋಟಿಗನದು. ಆ ಹಕ್ಕಿಗೂ ಅಳತೆಯುಂಟು: ಒಂದು ಎಕರೆ ತೋಟಕ್ಕೆ ಹೆಚ್ಚೆಂದರೆ ೯ ಎಕರೆ ಬೆಟ್ಟ. ಕಣ್ಣೆದುರಿನ ಕಾಡು ಎಷ್ಟೇ ವಿಸ್ತಾರವಾಗಿದ್ದರೂ ಎಲ್ಲೆಯನ್ನು ಮೀರಿ ಕತ್ತಿ ಹಾಕುವಂತಿಲ್ಲ. ಗಣಕಯಂತ್ರಗಳ ಜಗತ್ತಿನಲ್ಲಿಯೂ ಇದನ್ನು ಹೋಲುವ ಕಟ್ಟಳೆಯೊಂದಿದೆ.

ಒಂದು ಕಾಲದಲ್ಲಿ ಶಾನುಭೋಗರ ಕೈಬರಹದಲ್ಲಿದ್ದ ಪಹಣಿ ಇಂದು ಗಣಕದಿಂದ ಬರುತ್ತದೆ. ಇಂತಹ ದಾಖಲೆಗಳನ್ನು ಕಾಪಾಡಿ, ಕೇಳಿದವರಿಗೆ ಒದಗಿಸುವ ದೊಡ್ಡ ಗಣಕವೇ ಸರ್ವರ್. ಅದರ ಮಿದುಳು ಪ್ರೊಸೆಸರ್. ಪ್ರೊಸೆಸರನ್ನು ಕೂರಿಸುವ ಜಾಗ ಸಾಕೆಟ್. ಪ್ರೊಸೆಸರಿನೊಳಗೆ ಸ್ವತಂತ್ರವಾಗಿ ಲೆಕ್ಕ ಮಾಡಬಲ್ಲ ಭಾಗಕ್ಕೆ ಕೋರ್ ಎಂದು ಹೆಸರು. ಹಿಂದೆ ಒಂದು ಪ್ರೊಸೆಸರಿನಲ್ಲಿ ಒಂದೇ ಕೋರ್ ಇರುತ್ತಿತ್ತು. ೨೦೦೧ರಲ್ಲಿ ಬಂದ ಐಬಿಎಂ ಸಂಸ್ಥೆಯ ಪವರ್ ೪ ಎಂಬ ಪ್ರೊಸೆಸರಿನಲ್ಲಿ ಎರಡು ಕೋರ್‌ಗಳಿದ್ದವು. ಇಂದಿನವುಗಳಲ್ಲಿ ಹತ್ತಾರು ಇರುತ್ತವೆ.

ಇಷ್ಟು ಬಲವುಳ್ಳ ಯಂತ್ರವನ್ನು ಒಂದೇ ಕೆಲಸಕ್ಕೆ ಮೀಸಲಿಟ್ಟರೆ ಅದು ಬಹುಕಾಲ ಸುಮ್ಮನಿರುತ್ತದೆ. ಆದುದರಿಂದ ಒಂದು ಸರ್ವರನ್ನು ಹಲವು ಸರ್ವರುಗಳೆಂಬಂತೆ ತಂತ್ರಾಂಶದ ನೆರವಿನಿಂದ ವಿಭಾಗಿಸುತ್ತಾರೆ. ಹೀಗೆ ತೋರುವ ಒಂದೊಂದು ಯಂತ್ರವೂ ವರ್ಚುವಲ್ ಯಂತ್ರ. ಅದಕ್ಕೆ ಎಷ್ಟು ಸಾಕೆಟ್, ಎಷ್ಟು ಕೋರ್ ಎಂಬುದನ್ನು ವ್ಯವಸ್ಥಾಪಕನೇ ಗೊತ್ತುಪಡಿಸುತ್ತಾನೆ.

ತಂತ್ರಾಂಶಕ್ಕೆ ಹಣ ಕೊಟ್ಟವನು ಸಾಮಾನ್ಯವಾಗಿ ಅದರ ಒಡೆಯನಾಗುವುದಿಲ್ಲ. ಬಳಸುವ ಪರವಾನಗಿಯನ್ನಷ್ಟೇ ಪಡೆಯುತ್ತಾನೆ. ಮೊದಲು ಪ್ರೊಸೆಸರುಗಳನ್ನು ಎಣಿಸಿ ಶುಲ್ಕ ಕಟ್ಟುವ ಪದ್ಧತಿ ಬಳಕೆಯಲ್ಲಿತ್ತು. ಕೋರ್‌ಗಳು ಹೆಚ್ಚಿದಂತೆ ತಯಾರಕರು ಅವುಗಳನ್ನೇ ಎಣಿಸತೊಡಗಿದರು. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ಸರ್ವರ್ ೨೦೧೬ರಿಂದ ಈ ಕ್ರಮವನ್ನು ತಂದಿತು. ಸರ್ವರಿನ ಲೆಕ್ಕದಲ್ಲಿ ಪರವಾನಗಿ ಪಡೆಯುವವರು ಅದರ ಎಲ್ಲ ಕೋರ್‌ಗಳಿಗೂ ಹಣ ತೆರಬೇಕು. ಇರುವುದು ಎಂಟೇ ಆದರೂ ಕನಿಷ್ಠ ೧೬ ಕೋರ್‌ಗಳ ಶುಲ್ಕ ತಪ್ಪದು.

ಶುಲ್ಕದಂತೆಯೇ ಬಳಕೆಗೂ ಮಿತಿಯುಂಟು. ದಾಖಲೆಗಳನ್ನು ನಿರ್ವಹಿಸುವ ಎಸ್‌ಕ್ಯೂಎಲ್ ಸರ್ವರ್ ೨೦೧೯ರ ಸ್ಟ್ಯಾಂಡರ್ಡ್ ಆವೃತ್ತಿಯು ೪ ಸಾಕೆಟ್ ಅಥವಾ ೨೪ ಕೋರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಮಾತ್ರ ಬಳಸುತ್ತದೆ. ಒಂದು ಸಹಕಾರ ಸಂಘವು ಇದಕ್ಕಾಗಿ ೮ ಕೋರ್‌ಗಳ ವರ್ಚುವಲ್ ಯಂತ್ರವನ್ನು ಸಿದ್ಧಪಡಿಸಿತೆಂದು ಇಟ್ಟುಕೊಳ್ಳಬಹುದು. ಅದನ್ನು ಒಂದೊಂದು ಕೋರ್ ಇರುವ ೮ ಸಾಕೆಟ್‌ಗಳೆಂದು ವಿಂಗಡಿಸಿದರೆ ನಾಲ್ಕು ಸಾಕೆಟ್‌ಗಳಿಗೇ ಎಲ್ಲೆ ಮುಗಿಯುತ್ತದೆ. ಉಳಿದ ನಾಲ್ಕು ಕೋರ್‌ಗಳು ಸುಮ್ಮನಿರುತ್ತವೆ. ಆದರೂ ಕೋರ್ ಲೆಕ್ಕದ ಪರವಾನಗಿಯಲ್ಲಿ ಎಂಟಕ್ಕೂ ಹಣ ಸಲ್ಲಬೇಕು. ಅದನ್ನೇ ನಾಲ್ಕು ನಾಲ್ಕು ಕೋರ್‌ಗಳ ೨ ಸಾಕೆಟ್‌ಗಳೆಂದು ವಿಂಗಡಿಸಿದರೆ ಎಂಟೂ ದುಡಿಯುತ್ತವೆ. ಯಂತ್ರವೂ ಅದೇ, ಹಣವೂ ಅಷ್ಟೇ; ವ್ಯತ್ಯಾಸವು ನಿಯಮವನ್ನು ಓದಿದವನಿಗೂ ಓದದವನಿಗೂ ನಡುವಿನದು. ಕೆಲಸ ನಿಧಾನವಾಯಿತೆಂದು ನಿಯಮವನ್ನರಿಯದವನು ಇನ್ನೂ ದೊಡ್ಡ ಯಂತ್ರವನ್ನು ಕೊಂಡಾನು. ಆ ವೆಚ್ಚ ಬೀಳುವುದು ಸಂಘದ ಸದಸ್ಯರ ಮೇಲೆಯೇ.

ಇಂತಹ ಎಣಿಕೆಯಿಲ್ಲದ ದಾರಿಯೂ ಇದೆ. ೧೯೯೧ರಲ್ಲಿ ಆರಂಭವಾದ ಲಿನಕ್ಸ್ ಮುಕ್ತ ತಂತ್ರಾಂಶ. ೨೦೦೭ರಲ್ಲಿ ಅದರೊಳಗೆ ಸೇರಿದ ಕೆವಿಎಂ ವರ್ಚುವಲ್ ಯಂತ್ರಗಳನ್ನು ನಡೆಸುತ್ತದೆ. ಇವುಗಳ ಪರವಾನಗಿ ಕೋರ್‌ಗಳನ್ನು ಎಣಿಸುವುದಿಲ್ಲ. ಆದರೆ ಅವುಗಳ ಮೇಲೆ ನಡೆಯುವ ಇತರ ತಂತ್ರಾಂಶಗಳ ನಿಯಮಗಳು ಹಾಗೆಯೇ ಉಳಿಯುತ್ತವೆ.

ಜಾಣ ತೋಟಿಗನು ಬೆಟ್ಟದ ಎಲ್ಲೆಯನ್ನು ಮೊದಲು ತಿಳಿದು, ಅದರೊಳಗಿನ ಸೊಪ್ಪು ವ್ಯರ್ಥವಾಗದಂತೆ ನೋಡಿಕೊಳ್ಳುತ್ತಾನೆ. ಯಂತ್ರವನ್ನು ನಡೆಸುವವನಿಗೂ ಅದೇ ವಿವೇಕ ಬೇಕು. ಬಲವನ್ನು ಹಣದಿಂದ ಕೊಳ್ಳಬಹುದು. ಅದರ ಪೂರ್ಣ ಪ್ರಯೋಜನವು ಹಕ್ಕಿನ ಎಲ್ಲೆಯನ್ನು ಅರಿತವನಿಗೆ ಮಾತ್ರ ದೊರೆಯುತ್ತದೆ.