ಖಾಲಿ ಹಾಳೆಯ ಮೇಲೆ ಮಂಡ್ಯ ಜಿಲ್ಲೆ

ಮಂಡ್ಯ, ಮದ್ದೂರು, ಮಳವಳ್ಳಿ - ಈ ಮೂರು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ಸುಲಭ. ಖಾಲಿ ಹಾಳೆಯೊಂದನ್ನು ಮುಂದಿಟ್ಟು, ಈ ಊರುಗಳನ್ನು ಮೂರು ಚುಕ್ಕೆಗಳಾಗಿ ಗುರುತಿಸಿ ಎಂದರೆ ಪೆನ್ಸಿಲು ತಡವರಿಸುತ್ತದೆ. ನಾಳೆ ಶಾಲೆಯಲ್ಲಿ ಭೂಗೋಳ ಕಲಿಸಬೇಕಾದ ಶಿಕ್ಷಕ ಪ್ರಶಿಕ್ಷಣಾರ್ಥಿಗಳಿಗೆ ಇಷ್ಟು ಅಗ್ಗದ, ಇಷ್ಟು ಕಠಿಣವಾದ ಪರೀಕ್ಷೆ ಇನ್ನೊಂದು ಸಿಗಲಾರದು.

ನಮ್ಮಲ್ಲಿ ನಕ್ಷೆಯ ಅಭ್ಯಾಸವೆಂದರೆ ಬಹುಮಟ್ಟಿಗೆ ಅಂಗಡಿಯಿಂದ ತಂದ ಅಚ್ಚಿನ ರೂಪರೇಖೆಯೊಳಗೆ ಹೆಸರು ತುಂಬುವುದು. ಅಲ್ಲಿ ಪರೀಕ್ಷೆಗೆ ಒಳಗಾಗುವುದು ಕಂಠಪಾಠ ಮತ್ತು ಕೈಯ ನಯ. ನೆನಪಿನಿಂದ ಬರೆದ ನಕ್ಷೆಯ ಮಾತೇ ಬೇರೆ. ಬರೆದವರ ಮನಸ್ಸಿನಲ್ಲಿ ನೆಲ ಹೇಗೆ ಜೋಡಣೆಗೊಂಡಿದೆ ಎಂಬುದನ್ನು ಅದು ಬಿಚ್ಚಿ ತೋರಿಸುತ್ತದೆ. ಅಮೆರಿಕದ ಕೆವಿನ್ ಲಿಂಚ್ ನಗರವಾಸಿಗಳಿಂದ ಅವರವರ ಊರಿನ ನಕ್ಷೆ ಬರೆಯಿಸಿ, ಅದರ ಆಧಾರದ ಮೇಲೆ 1960ರಲ್ಲಿ ಪ್ರಸಿದ್ಧ ಗ್ರಂಥವೊಂದನ್ನು ಪ್ರಕಟಿಸಿದರು. ಮುಂದೆ ಥಾಮಸ್ ಸಾರಿನೆನ್ ಎಂಬ ಭೂಗೋಳ ವಿದ್ವಾಂಸರು ಅನೇಕ ದೇಶಗಳ ವಿದ್ಯಾರ್ಥಿಗಳಿಂದ ಪ್ರಪಂಚದ ನಕ್ಷೆಯನ್ನೇ ಬರೆಯಿಸಿದಾಗ, ಯುರೋಪು ಇರುವುದಕ್ಕಿಂತ ದೊಡ್ಡದಾಗಿಯೂ ಆಫ್ರಿಕ ಚಿಕ್ಕದಾಗಿಯೂ ಮೂಡಿಬಂದವು. ಮನಸ್ಸಿನ ಅಳತೆಗೋಲು ನೆಲದ ಅಳತೆಗೋಲಲ್ಲ.

ಮಂಡ್ಯಕ್ಕೇ ಬರೋಣ. ಬೆಂಗಳೂರು ರಾಜಧಾನಿಯಾದ್ದರಿಂದ ಅದು 'ಮೇಲೆ', ಅಂದರೆ ಉತ್ತರಕ್ಕೆ ಇರಬೇಕೆಂದು ಭಾವಿಸುವುದು ಸಹಜ. ವಾಸ್ತವವಾಗಿ ಮಂಡ್ಯದಿಂದ ನೋಡಿದರೆ ಅದು ಉತ್ತರಕ್ಕಿಂತ ಪೂರ್ವಕ್ಕೇ ಹೆಚ್ಚು. ಅದೇ ರೈಲು ಮಾರ್ಗದಲ್ಲಿರುವ ಮದ್ದೂರು ಮಂಡ್ಯದ ಪೂರ್ವಕ್ಕೆ, ತುಸು ಉತ್ತರಕ್ಕೆ ವಾಲಿದೆ. ಮಳವಳ್ಳಿಗೆ ರೈಲಿಲ್ಲ, ಅದು ಮದ್ದೂರಿನ ದಕ್ಷಿಣಕ್ಕಿದೆ. ಮೂರನ್ನೂ ಸೇರಿಸಿದರೆ ತ್ರಿಕೋನವಾಗಬೇಕು. ಹಾಳೆಯ ಮೇಲೆ ಮೂರೂ ಒಂದೇ ಗೆರೆಯಲ್ಲಿ ಸಾಲಾಗಿ ನಿಂತಿದ್ದರೆ, ಆ ಅಭ್ಯರ್ಥಿಗೆ ದಾರಿ ಗೊತ್ತು, ದಿಕ್ಕು ಗೊತ್ತಿಲ್ಲ ಎಂದು ತಿಳಿಯಬೇಕು.

ನೀರಿನ ವಿಷಯಕ್ಕೆ ಬಂದರೆ ತಪ್ಪು ಇನ್ನೂ ದುಬಾರಿ. ಕಾವೇರಿ ಶ್ರೀರಂಗಪಟ್ಟಣವನ್ನು ಬಳಸಿ ಮುಂದೆ ಸಾಗಿ, ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಧುಮುಕುತ್ತದೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹೋದದ್ದು ಇಲ್ಲಿಂದಲೇ. ಮದ್ದೂರಿನ ಶಿಂಷಾ ಉತ್ತರದಿಂದ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಕನ್ನಂಬಾಡಿಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆಯ ಸುರಂಗ ದಾಟಿ ಮಂಡ್ಯದತ್ತ ಬಂದು, ಅಲ್ಲಿಂದ ಕವಲೊಡೆದು ಮದ್ದೂರು, ಮಳವಳ್ಳಿ ಸೀಮೆಯನ್ನು ಮುಟ್ಟುತ್ತದೆ. ನಾಲೆಯ ಕೊನೆ ಭಾಗದ ರೈತರು ನೀರು ಬರಲಿಲ್ಲವೆಂದು ಏಕೆ ಕೂಗುತ್ತಾರೆ? ನಾಲೆಯ ಮೇಲೆ ಬಾಣದ ಗುರುತನ್ನು ತಿರುವುಮುರುವಾಗಿ ಹಾಕಿದ ಮೇಷ್ಟ್ರು, ಆ ರೈತನ ಮಗುವಿಗೆ ಇದನ್ನು ವಿವರಿಸುವುದು ಹೇಗೆ?

ವಿಚಿತ್ರವೆಂದರೆ ಹಳೆಯ ತಲೆಮಾರಿಗೆ ಈ ಕ್ರಮ ಶಾಲೆಯಿಲ್ಲದೆಯೇ ತಿಳಿದಿತ್ತು. ಶ್ರೀರಂಗಪಟ್ಟಣ ಆದಿರಂಗ, ಶಿವನಸಮುದ್ರ ಮಧ್ಯರಂಗ, ತಮಿಳುನಾಡಿನ ಶ್ರೀರಂಗ ಅಂತ್ಯರಂಗ. ನದಿಯ ಮೂರು ದ್ವೀಪಗಳನ್ನು ಹರಿವಿನ ಅನುಕ್ರಮದಲ್ಲೇ ನೆನಪಿಡುವ ನಕ್ಷೆ ಇದು, ಕಾಗದ ಬೇಕಿರಲಿಲ್ಲ.

ಹಾಗಾದರೆ ಅಂಕ ಕೊಡುವುದು ಹೇಗೆ? ಗಡಿಗೆರೆಯ ಚಂದಕ್ಕೆ ಕೊಡಬಾರದು. ಜಿಲ್ಲೆಯ ಗಡಿ 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಡಿಸಿದಾಗ ಹುಟ್ಟಿದ ಆಡಳಿತದ ಗೆರೆ, ನದಿ ಅದಕ್ಕಿಂತ ಎಷ್ಟೋ ಹಳೆಯದು. ಯಾವುದು ಯಾವುದರ ಯಾವ ದಿಕ್ಕಿಗಿದೆ, ಯಾವುದು ಯಾವುದಕ್ಕೆ ಕೂಡಿಕೊಂಡಿದೆ, ದೂರಗಳು ಹೆಚ್ಚುಕಡಿಮೆ ಹೊಂದುತ್ತವೆಯೆ - ಇವನ್ನು ನೋಡಿದರೆ ಸಾಕು. ಚಿತ್ರ ಬರೆಯಲು ಬಾರದವರಿಗೆ ಅನ್ಯಾಯವಾಗುವ ಸಂಭವ ಉಂಟು. ಆದ್ದರಿಂದ ಹಾಳೆಯನ್ನು ಕೈಯಲ್ಲಿ ಹಿಡಿದು ಐದು ನಿಮಿಷ ಮಾತನಾಡಿಸಬೇಕು; ಎಷ್ಟೋ ಸಲ ಗೆರೆಯಲ್ಲಿಲ್ಲದ ತಿಳಿವು ಮಾತಿನಲ್ಲಿರುತ್ತದೆ.

ಆ ಮೊದಲ ಹಾಳೆಯನ್ನು ಕೆಂಪು ಶಾಯಿಯಲ್ಲಿ ತಿದ್ದದೆ ತೆಗೆದಿಡುವುದು ಲೇಸು. ಒಂದು ದಿನ ನಾಲೆಯ ಏರಿಯ ಮೇಲೆ ನಡೆಸಿ, ನೀರು ಯಾವ ಕಡೆಗೆ ಹರಿಯುತ್ತಿದೆಯೆಂದು ಸೂರ್ಯನನ್ನು ನೋಡಿ ಹೇಳಿಸಿ, ವರ್ಷದ ಕೊನೆಗೆ ಇನ್ನೊಂದು ಹಾಳೆ ಕೊಟ್ಟು ಮತ್ತೆ ಬರೆಯಿಸಿ ಎರಡನ್ನೂ ಅಕ್ಕಪಕ್ಕ ಇಡಬಹುದು.